ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು: ಯಾವ ವರ್ಷದ್ದನ್ನು ನಂಬಬೇಕು?

ಇವತ್ತಿನ ಸಂಚಿಕೆಗೆ ಕಾರಣ ಅಮೆರಿಕದ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಿಂದ ಬಂದ ಒಂದು ಪ್ರಶ್ನೆ. ರೂಟ್ 27ರ ಪಕ್ಕದ ಊರು ಅದು. ಕೆಲಸಕ್ಕೆ, ಮಕ್ಕಳ ಶಾಲೆಗೆ, ದಿನಸಿಗೆ, ಎಲ್ಲದಕ್ಕೂ ಅಲ್ಲಿ ಕಾರೇ ಗತಿ. ಪ್ರಶ್ನೆ ಇಷ್ಟೇ: "ಹೊಸ ಸಾಧಾರಣ ಕಾರಿನ ದುಡ್ಡಿಗಿಂತ ಕಡಿಮೆಗೆ ಹಳೇ ಲೆಕ್ಸಸ್, ಮರ್ಸಿಡಿಸ್ ಸಿಗ್ತಿದೆ. ಯಾವ ವರ್ಷದ ಮಾಡೆಲ್ ತಗೊಂಡ್ರೆ ಕೈಕೊಡಲ್ಲ?"

ಮೊದಲು ಒಂದು ಎಚ್ಚರಿಕೆ. ಐಷಾರಾಮಿ ಕಾರಿನ ಬೆಲೆ ವರ್ಷ ವರ್ಷಕ್ಕೂ ಇಳಿಯುತ್ತೆ. ಆದರೆ ಅದರ ಬಿಡಿಭಾಗಗಳ ಬೆಲೆ, ಮೆಕ್ಯಾನಿಕ್‌ನ ಕೂಲಿ ಹಾಗೆ ಇಳಿಯಲ್ಲ. ಕಾರು ಅಗ್ಗಕ್ಕೆ ಸಿಕ್ಕರೂ ರಿಪೇರಿ ದುಬಾರಿ ಕಾರಿನದ್ದೇ. ಅದಕ್ಕೇ ವರ್ಷದ ಆಯ್ಕೆ ಮುಖ್ಯವಾಗುತ್ತೆ.

ಹಾಗಾದ್ರೆ ಮಾಡೆಲ್ ವರ್ಷ ಅಂದ್ರೇನು? ಕಾರು ತಯಾರಾದ ವರ್ಷವೇ ಆಗಬೇಕೆಂದಿಲ್ಲ. 2016ರ ಮಾಡೆಲ್ 2015ರಲ್ಲೇ ಕಾರ್ಖಾನೆಯಿಂದ ಹೊರಬಂದಿರಬಹುದು. ಅಮೆರಿಕದ ಕಾರುಗಳಲ್ಲಿ 17 ಅಕ್ಷರಗಳ ವಿನ್ ನಂಬರ್ ಇರುತ್ತೆ. ಅದರ ಹತ್ತನೆಯ ಅಕ್ಷರ ಮಾಡೆಲ್ ವರ್ಷವನ್ನು ಹೇಳುತ್ತೆ. 2010 ಅಂದ್ರೆ 'ಎ', 2011 'ಬಿ', ಹೀಗೆ ಮುಂದೆ. ಅಂಕಿ ಒಂದರ ಜೊತೆ ಗೊಂದಲ ಆಗಬಾರದೆಂದು 'ಐ' ಬಿಟ್ಟಿದ್ದಾರೆ, ಹಾಗಾಗಿ 2018 'ಜೆ' ಆಗುತ್ತೆ. ತಯಾರಾದ ತಿಂಗಳು ಬೇಕಾದರೆ ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿ ನೋಡಿ.

ಈಗ ವಿಜ್ಞಾನಕ್ಕೆ ಬರೋಣ. ಯಂತ್ರಗಳು ಕೆಡುವ ರೀತಿಯನ್ನು ಎಂಜಿನಿಯರುಗಳು ಒಂದು ಗೆರೆಯಾಗಿ ಬರೀತಾರೆ. ಸ್ನಾನದ ತೊಟ್ಟಿಯನ್ನು ಪಕ್ಕದಿಂದ ನೋಡಿದ ಹಾಗೆ ಕಾಣುವುದರಿಂದ ಅದಕ್ಕೆ ಬಾತ್‌ಟಬ್ ಕರ್ವ್ ಅಂತ ಹೆಸರು. ಶುರುವಿನಲ್ಲಿ ತಯಾರಿಕೆಯ ದೋಷಗಳಿಂದ ಕೆಡೋದು ಹೆಚ್ಚು, ನಡುವೆ ಕಡಿಮೆ, ಕೊನೆಗೆ ಸವೆತದಿಂದ ಮತ್ತೆ ಹೆಚ್ಚು. ಒಂದು ಕಾರಿನಂತೆ ಒಂದು ವಿನ್ಯಾಸಕ್ಕೂ ಬಾಲ್ಯ ಇರುತ್ತೆ. ಹೊಸ ಎಂಜಿನ್ ಬಂದ ಮೊದಲ ವರ್ಷಗಳಲ್ಲಿ ಗ್ರಾಹಕರ ರಸ್ತೆಯಲ್ಲೇ ಅದರ ಕೊನೆಯ ಪರೀಕ್ಷೆ ನಡೆಯುತ್ತೆ. ದೋಷ ಗೊತ್ತಾದಂತೆ ಕಂಪನಿ ಭಾಗವನ್ನು ಬದಲಿಸುತ್ತೆ.

ಲೆಕ್ಸಸ್ ಅಂದ್ರೆ ನಂಬಿಕೆ ಅಂತೀವಲ್ಲ, ಅಲ್ಲೂ ಇದು ಆಗಿದೆ. ಎಲ್‌ಎಸ್ 460 ಹೊಸ ಎಂಜಿನ್ ಹೊತ್ತು ಅಮೆರಿಕಕ್ಕೆ ಬಂದಿದ್ದು 2007ರ ಮಾಡೆಲ್ ಆಗಿ. 2010ರಲ್ಲಿ ಟೊಯೊಟಾ ಆ ಆರಂಭದ ವರ್ಷಗಳ ಎಲ್‌ಎಸ್ ಕಾರುಗಳನ್ನೂ ಕೆಲವು ಜಿಎಸ್, ಐಎಸ್ ಕಾರುಗಳನ್ನೂ ರೀಕಾಲ್ ಮಾಡ್ತು. ಕಾರಣ, ವಾಲ್ವ್ ಸ್ಪ್ರಿಂಗಿನ ಉಕ್ಕಿನೊಳಗೆ ಸೇರಿಕೊಂಡಿದ್ದ ಸೂಕ್ಷ್ಮ ಕಲ್ಮಶ. ಎಂಜಿನ್ 3,000 ಆರ್‌ಪಿಎಂನಲ್ಲಿ ತಿರುಗುವಾಗ ಒಂದೊಂದು ಸ್ಪ್ರಿಂಗ್ ನಿಮಿಷಕ್ಕೆ 1,500 ಸಲ ಕುಗ್ಗಿ ಹಿಗ್ಗುತ್ತೆ. ಒತ್ತಡವೆಲ್ಲ ಕಲ್ಮಶದ ಚುಕ್ಕೆಯ ಸುತ್ತ ಸೇರಿ ಅಲ್ಲೊಂದು ಬಿರುಕು ಹುಟ್ಟುತ್ತೆ. ಲೋಹದ ದಣಿವು ಅಂದ್ರೆ ಇದೇ. ಸ್ಪ್ರಿಂಗ್ ಮುರಿದರೆ ಓಡುತ್ತಿರುವಾಗಲೇ ಎಂಜಿನ್ ನಿಲ್ಲಬಹುದು.

ಎರಡನೆಯದು ಮರ್ಸಿಡಿಸ್‌ನ ಎಂ272 ಎಂಬ ವಿ6 ಎಂಜಿನ್. ಇ350ಯಂಥ ಕಾರುಗಳಲ್ಲಿ ಇದಿತ್ತು. ಶುರುವಿನ ಎಂಜಿನ್‌ಗಳಲ್ಲಿ ಬ್ಯಾಲೆನ್ಸ್ ಶಾಫ್ಟಿನ ಹಲ್ಲುಚಕ್ರ ಬೇಗ ಸವೆಯುತ್ತಿತ್ತು. ಆ ಚಕ್ರ ಅಗ್ಗದ್ದೇ, ಆದರೆ ಅದನ್ನು ಬದಲಿಸೋಕೆ ಎಂಜಿನ್ ಅನ್ನೇ ಕೆಳಗಿಳಿಸಬೇಕು. ಬಿಲ್ಲು ಸಾವಿರಾರು ಡಾಲರ್. ಇಲ್ಲಿ ಗಮನಿಸಿ: ಕಂಪನಿ ಭಾಗ ಬದಲಿಸಿದ್ದು ಎಂಜಿನ್ ನಂಬರಿನ ಲೆಕ್ಕದಲ್ಲಿ, ಕ್ಯಾಲೆಂಡರ್ ನೋಡಿ ಅಲ್ಲ. ಒಂದೇ ವರ್ಷದ ಎರಡು ಕಾರುಗಳಲ್ಲಿ ಒಂದು ಹಳೇ ಚಕ್ರದ್ದು, ಇನ್ನೊಂದು ಹೊಸದ್ದು ಇರಬಹುದು. 2005ರಿಂದ 2007ರ ಮಾಡೆಲ್ ಆದರೆ ಎಂಜಿನ್ ನಂಬರ್ ಕೇಳಿ, ಡೀಲರ್ ಹತ್ತಿರ ಪರೀಕ್ಷಿಸಿ.

ಮೂರನೆಯದು ದುಡ್ಡಿನ ಮಾತಲ್ಲ, ಜೀವದ ಮಾತು. ತಕಾಟ ಏರ್‌ಬ್ಯಾಗುಗಳಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ವರ್ಷಗಟ್ಟಲೆ ಸೆಕೆ, ತೇವ, ಬಿಸಿ-ತಂಪಿನ ಏರಿಳಿತಕ್ಕೆ ಸಿಕ್ಕಿ ಅದು ಹಾಳಾಗುತ್ತೆ. ಆಮೇಲೆ ಅಪಘಾತದಲ್ಲಿ ಹೊತ್ತಿಕೊಂಡಾಗ ಮಿತಿಮೀರಿದ ವೇಗದಲ್ಲಿ ಉರಿದು, ಲೋಹದ ಡಬ್ಬಿಯನ್ನೇ ಸಿಡಿಸಿ ಚೂರುಗಳನ್ನು ಮುಖಕ್ಕೆ ಎರಚುತ್ತೆ. 2002 ಮತ್ತು 2003ರ ಅಕ್ಯುರಾ ಟಿಎಲ್ ಸೇರಿ ಕೆಲವು ಹೋಂಡಾ ಕಾರುಗಳಲ್ಲಿ, ಏರ್‌ಬ್ಯಾಗ್ ಉಬ್ಬಿದರೆ ಸಿಡಿಯುವ ಸಾಧ್ಯತೆ ಶೇ. 50ರವರೆಗೂ ಇದೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2016ರಲ್ಲಿ ಎಚ್ಚರಿಸಿತ್ತು. ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿ, ಲೆಕ್ಸಸ್‌ಗಳ ಕೆಲವು ಮಾಡೆಲ್‌ಗಳಲ್ಲೂ ತಕಾಟ ಏರ್‌ಬ್ಯಾಗ್ ಇತ್ತು. ಬದಲಿಸಿಕೊಳ್ಳೋದು ಉಚಿತ. ಆದರೆ ಹಳೇ ಮಾಲೀಕರು ಬದಲಿಸಿದ್ದಾರಾ? ಆ ಸಂಸ್ಥೆಯ ಜಾಲತಾಣದಲ್ಲಿ ವಿನ್ ನಂಬರ್ ಹಾಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ.

ಇಷ್ಟು ವಿನ್ಯಾಸದ ಮಾತಾಯ್ತು. ಇನ್ನು ಆ ಒಂದು ಕಾರು ಹೇಗೆ ಬದುಕಿದೆ ಅನ್ನೋದು. ನ್ಯೂಜೆರ್ಸಿಯಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕ್ತಾರೆ, ಹಾಗಾಗಿ ಕಾರನ್ನು ಲಿಫ್ಟಿಗೆ ಏರಿಸಿ ಅಡಿಭಾಗದ ತುಕ್ಕು ನೋಡಲೇಬೇಕು. 2012ರ ಸ್ಯಾಂಡಿ, 2021ರ ಐಡಾ ಚಂಡಮಾರುತಗಳಲ್ಲಿ ಬಹಳ ಕಾರುಗಳು ನೀರಲ್ಲಿ ಮುಳುಗಿದ್ದವು. ಸೀಟ್‌ಬೆಲ್ಟನ್ನು ಕೊನೆತನಕ ಎಳೆಯಿರಿ. ಕೆಸರಿನ ಗೆರೆ ಕಂಡರೆ, ಕಾರ್ಪೆಟ್ ಮುಗ್ಗಲು ವಾಸನೆ ಬಂದರೆ ವಾಪಸ್ ಬನ್ನಿ.

"ಇನ್‌ಸ್ಪೆಕ್ಷನ್ ಸ್ಟಿಕರ್ ಇದೆಯಲ್ಲ?" ಅನ್ನಬಹುದು. ಖಾಸಗಿ ಕಾರುಗಳ ಬ್ರೇಕು, ಸಸ್ಪೆನ್ಷನ್ ಪರೀಕ್ಷೆಯನ್ನು ನ್ಯೂಜೆರ್ಸಿ 2010ರಲ್ಲೇ ನಿಲ್ಲಿಸಿದೆ. ಈಗ ನೋಡೋದು ಹೊಗೆಯ ವಿಚಾರ ಮಾತ್ರ. ಎಂಜಿನ್ ದೀಪ ಆರಿರೋದನ್ನೂ ಪೂರ್ತಿ ನಂಬಬೇಡಿ. ಮಾರುವ ಮುಂಚೆ ದೋಷದ ಕೋಡ್ ಅಳಿಸಿದ್ದರೆ ಕಾರಿನ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು 'ಇನ್ನೂ ಮುಗಿದಿಲ್ಲ' ಅಂತ ಸ್ಕ್ಯಾನರಿನಲ್ಲಿ ಕಾಣ್ತವೆ.

ಕಾನೂನಿನಲ್ಲೂ ವರ್ಷಕ್ಕೆ ಬೆಲೆ ಇದೆ. ನ್ಯೂಜೆರ್ಸಿಯ ಯೂಸ್ಡ್ ಕಾರ್ ಲೆಮನ್ ಲಾ ಅನ್ವಯಿಸೋದು ಡೀಲರ್ ಮಾರುವ, ಏಳು ಮಾಡೆಲ್ ವರ್ಷ ಮೀರದ, ಒಂದು ಲಕ್ಷ ಮೈಲಿ ದಾಟದ ಕಾರುಗಳಿಗೆ. 60,000 ಮೈಲಿ ದಾಟಿದ್ದರೆ ರಕ್ಷಣೆ ಬರೀ 30 ದಿನ ಅಥವಾ 1,000 ಮೈಲಿ. ಪರಿಚಯದವರಿಂದ ನೇರವಾಗಿ ಕೊಂಡರೆ ಅದೂ ಇಲ್ಲ.

ಹಾಗಾದ್ರೆ ಉತ್ತರ? ಹೊಸ ಎಂಜಿನ್ ಬಂದ ಮೊದಲೆರಡು ವರ್ಷ ಬಿಡಿ. ಅದೇ ಪೀಳಿಗೆಯ ಕೊನೆಯ ವರ್ಷಗಳನ್ನು ಹುಡುಕಿ. ಆಮೇಲೆ ರೀಕಾಲ್, ಸರ್ವೀಸ್ ದಾಖಲೆ, ಲಿಫ್ಟಿನ ಮೇಲೆ ಸ್ವತಂತ್ರ ಮೆಕ್ಯಾನಿಕ್‌ನ ಪರೀಕ್ಷೆ. ಸರ್ವೀಸ್ ಪುಸ್ತಕ ಪೂರ್ತಿ ಇರುವ 2013ರ ಕಾರು, ಏನೂ ದಾಖಲೆ ಇಲ್ಲದ 2016ರ ಕಾರಿಗಿಂತ ವಾಸಿ.

ನೀವು ಕಾರು ಕೊಳ್ಳುವಾಗ ಏನೇನು ನೋಡಿದ್ರಿ? ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.