ತೇಲದ ದೋಣಿ: ಚೀನಾದ ಅರಸರ ತೋಟಗಳ ಕಥೆ

ಬೀಜಿಂಗ್‌ನ ಸಮ್ಮರ್ ಪ್ಯಾಲೇಸ್ ತೋಟದ ಸರೋವರದಲ್ಲಿ ಒಂದು ದೋಣಿ ಇದೆ. ಉದ್ದ ಸುಮಾರು 36 ಮೀಟರ್. ಎರಡು ಅಂತಸ್ತು, ಪಕ್ಕದಲ್ಲಿ ಹಳೇ ಕಾಲದ ಸ್ಟೀಮರ್‌ಗೆ ಇರ್ತಿತ್ತಲ್ಲ ಅಂಥ ಚಕ್ರ, ಎಲ್ಲಾ ಇದೆ. ಆದರೆ ಕಟ್ಟಿದ ದಿನದಿಂದ ಇವತ್ತಿನವರೆಗೆ ಅದು ಒಂದಡಿ ಕೂಡ ಮುಂದಕ್ಕೆ ಹೋಗಿಲ್ಲ. ಯಾಕಂದ್ರೆ ಅದರ ತಳ ಪೂರ್ತಿ ಕಲ್ಲು. ಮೇಲಿನ ಭಾಗ ಮರದ್ದು, ಅಮೃತಶಿಲೆ ಥರ ಕಾಣಲಿ ಅಂತ ಬಣ್ಣ ಬಳಿದಿದ್ದಾರೆ. ತೇಲಲಾರದ ದೋಣಿಯನ್ನ ಯಾರಾದರೂ ಯಾಕೆ ಕಟ್ಟಿಸ್ತಾರೆ?

ಉತ್ತರ ಬೇಕಾದರೆ ಚೀನಾದ ಚಕ್ರವರ್ತಿಗಳಿಗೆ ತೋಟ ಅಂದರೆ ಏನಾಗಿತ್ತು ಅಂತ ತಿಳ್ಕೋಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಇಡೀ ಸಾಮ್ರಾಜ್ಯದ ಸ್ಕೇಲ್ ಮಾಡೆಲ್. ಬೆಟ್ಟ, ಸಮುದ್ರ, ದೂರದ ಊರುಗಳು, ಕೊನೆಗೆ ದೇವಲೋಕ ಕೂಡ ಒಂದೇ ಗೋಡೆಯ ಒಳಗೆ. ಅದರ ಮಧ್ಯೆ ಓಡಾಡುವ ದೊರೆ ಇಡೀ ಲೋಕದಲ್ಲೇ ಓಡಾಡಿದ ಹಾಗೆ.

ಮೂರು ದ್ವೀಪಗಳು

ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹುವಾಂಗ್‌ಗೆ ಸಾವಿನ ಭಯ ವಿಪರೀತ. ಪೂರ್ವದ ಸಮುದ್ರದಲ್ಲಿ ಪೆಂಗ್‌ಲಾಯ್, ಫಾಂಗ್‌ಜಾಂಗ್, ಯಿಂಗ್‌ಝೌ ಅನ್ನೋ ಮೂರು ದ್ವೀಪಗಳಿವೆ, ಅಲ್ಲಿ ಸಾವಿಲ್ಲದವರು ಇರ್ತಾರೆ, ಅವರ ಹತ್ತಿರ ಅಮೃತದಂಥ ಔಷಧಿ ಇದೆ ಅನ್ನೋ ನಂಬಿಕೆ ಆಗ ಇತ್ತು. ಅದನ್ನ ತರೋಕೆ ಅಂತ ಅವನು ಶು ಫು ಎಂಬುವನ ನೇತೃತ್ವದಲ್ಲಿ ಹಡಗುಗಳನ್ನ ಕಳಿಸಿದ. ಔಷಧಿ ಬರಲಿಲ್ಲ.

ಮುಂದೆ ಹಾನ್ ವಂಶದ ಚಕ್ರವರ್ತಿ ವು ಬೇರೆ ಉಪಾಯ ಮಾಡಿದ. ತನ್ನ ರಾಜಧಾನಿ ಚಾಂಗಾನ್‌ನ ಅರಮನೆಯಲ್ಲೇ ಸರೋವರ ತೋಡಿಸಿ, ಅದರಲ್ಲಿ ಮೂರು ದ್ವೀಪ ಮಾಡಿಸಿ, ಅವೇ ಹೆಸರುಗಳನ್ನಿಟ್ಟ. ದೇವಲೋಕ ಸಿಗದಿದ್ದರೆ ಏನಂತೆ, ಮಾಡೆಲ್ ಮಾಡ್ಕೊಂಡ್ರಾಯ್ತು! 'ಒಂದು ಕೊಳ, ಮೂರು ಬೆಟ್ಟ' ಅನ್ನುವ ಈ ವಿನ್ಯಾಸವನ್ನು ನಂತರದ ಅರಸರು ಸುಮಾರು ಎರಡು ಸಾವಿರ ವರ್ಷ ಅನುಸರಿಸಿದರು.

ಇದೇ ವು ಕ್ರಿ.ಪೂ. 120ರಲ್ಲಿ ಇನ್ನೊಂದು ಕೆರೆ ತೋಡಿಸಿದ. ಅದರ ಕಾರಣಕ್ಕೂ ನಮಗೂ ಒಂದು ಸಂಬಂಧ ಇದೆ. ನೈಋತ್ಯದ ಕಡೆಯಿಂದ ಭಾರತಕ್ಕೆ ದಾರಿ ಹುಡುಕಲು ಹೋದ ಅವನ ದೂತರನ್ನು ಕುನ್ಮಿಂಗ್ ಎಂಬ ಜನ ತಡೆದಿದ್ದರು. ಅವರ ನಾಡಿನಲ್ಲಿ ದೊಡ್ಡ ಸರೋವರ ಇತ್ತು. ಹಾಗಾಗಿ ನೀರಿನ ಮೇಲೆ ಯುದ್ಧ ಮಾಡೋದನ್ನ ಸೈನಿಕರಿಗೆ ಕಲಿಸೋಕೆ ಈ ಕೆರೆ. ಹೆಸರು ಕುನ್ಮಿಂಗ್ ಕೊಳ. ಈ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಕಲ್ಲಿನ ಬೆಲೆ

ಮಾಡೆಲ್‌ಗೆ ಮೆಟೀರಿಯಲ್ ಬೇಕಲ್ಲ? ಸಾಂಗ್ ವಂಶದ ಚಕ್ರವರ್ತಿ ಹುಯಿಜಾಂಗ್ ಒಳ್ಳೆಯ ಚಿತ್ರಕಾರ. ಕೈಫೆಂಗ್ ನಗರದಲ್ಲಿ ಅವನು ಗೆನ್‌ಯುವೆ ಎಂಬ ಕೃತಕ ಬೆಟ್ಟದ ತೋಟ ಮಾಡಿಸಿದ. 1122ರಲ್ಲಿ ಅದು ಮುಗಿಯಿತು. ಅದಕ್ಕೆ ಬೇಕಾದ ವಿಚಿತ್ರ ಆಕಾರದ ಕಲ್ಲುಗಳು, ಗಿಡಮರಗಳು ದಕ್ಷಿಣದಿಂದ ಕಾಲುವೆ ದಾರಿಯಲ್ಲಿ ದೋಣಿಗಳ ಸಾಲಿನಲ್ಲಿ ಬರ್ತಿದ್ದವು. ಯಾರ ಮನೆಯಲ್ಲಿ ಒಳ್ಳೆ ಕಲ್ಲು ಇದ್ದರೂ ಅಧಿಕಾರಿಗಳು ಬಂದು ಮುಟ್ಟುಗೋಲು ಹಾಕ್ಕೊಳ್ಳೋರು. ದೊಡ್ಡ ಬಂಡೆ ಹಾಯಲಿ ಅಂತ ದಾರಿಯ ಸೇತುವೆಗಳನ್ನೇ ಒಡೆದ ಉದಾಹರಣೆಗಳಿವೆ. ಜನರ ಸಿಟ್ಟು 1120ರಲ್ಲಿ ಫಾಂಗ್ ಲಾ ಎಂಬುವನ ದಂಗೆಯಾಗಿ ಸಿಡಿಯಿತು.

ದಂಗೆಯನ್ನೇನೋ ಅಡಗಿಸಿದರು. ಆದರೆ ಸ್ವಲ್ಪ ವರ್ಷದಲ್ಲೇ ಉತ್ತರದಿಂದ ಜುರ್ಚೆನ್ ಸೇನೆ ಬಂದು ಕೈಫೆಂಗ್‌ಗೆ ಮುತ್ತಿಗೆ ಹಾಕಿತು. ನಗರದವರು ತೋಟದ ಮರಗಳನ್ನ ಕಡಿದು ಸೌದೆ ಮಾಡಿದರು. ಜಿಂಕೆಗಳನ್ನ ಕೊಂದು ತಿಂದರು. ಕಲ್ಲುಗಳನ್ನ ಒಡೆದು ಕವಣೆಯಂತ್ರಕ್ಕೆ ಇಟ್ಟು ಶತ್ರುವಿನ ಕಡೆ ಎಸೆದರು. 1127ರಲ್ಲಿ ನಗರವೂ ಬಿತ್ತು, ಚಕ್ರವರ್ತಿಯೂ ಸೆರೆಯಾದ.

ಸಿವಿಲ್‌ನವರು ಗಮನಿಸಿ

ಈಗ ಮತ್ತೆ ಬೀಜಿಂಗ್‌ಗೆ ಬರೋಣ. ಸಮ್ಮರ್ ಪ್ಯಾಲೇಸ್‌ನ ಸರೋವರ ಶುರುವಿನಲ್ಲಿ ತೋಟಕ್ಕಾಗಿ ಆದದ್ದಲ್ಲ. ಮಂಗೋಲರ ಕಾಲದಲ್ಲಿ ಗುವೊ ಶೌಜಿಂಗ್ ಎಂಬ ಎಂಜಿನಿಯರ್ ರಾಜಧಾನಿಯ ಕಾಲುವೆಗೆ ನೀರು ತರಬೇಕಾಗಿತ್ತು. 1292ರಲ್ಲಿ ಅವನು ಉತ್ತರದ ಬೆಟ್ಟಗಳ ಒಂದು ಬುಗ್ಗೆಯಿಂದ ಕಾಲುವೆ ತೆಗೆಸಿದ. ನೇರವಾಗಿ ತಂದರೆ ನಡುವೆ ತಗ್ಗು. ಅದಕ್ಕೆ ಮೊದಲು ಪಶ್ಚಿಮಕ್ಕೆ ಹೋಗಿ, ಬೆಟ್ಟದ ಬುಡದ ಉದ್ದಕ್ಕೂ ಸುತ್ತಿ, ದಾರಿಯಲ್ಲಿ ಬೇರೆ ಬುಗ್ಗೆಗಳನ್ನೂ ಸೇರಿಸ್ಕೊಂಡು ಇಲ್ಲಿನ ಕೆರೆಗೆ ನೀರು ತುಂಬಿಸಿದ. ದಾರಿ ಉದ್ದವಾಯಿತು, ಗ್ರೇಡಿಯೆಂಟ್ ಉಳಿಯಿತು.

1750ರ ಹೊತ್ತಿಗೆ ಚಿಯೆನ್‌ಲಾಂಗ್ ಚಕ್ರವರ್ತಿ ಈ ಕೆರೆಯನ್ನು ಅಗಲ ಮಾಡಿಸಿ, ಒಡ್ಡು ಕಟ್ಟಿಸಿದ. ನಗರಕ್ಕೆ ನೀರು, ಹೊಲಕ್ಕೆ ನೀರು ಅನ್ನೋದು ಒಂದು ಕಾರಣ. ಅಮ್ಮನ 60ನೇ ಹುಟ್ಟುಹಬ್ಬಕ್ಕೆ ಉಡುಗೊರೆ ಅನ್ನೋದು ಇನ್ನೊಂದು. ತೋಡಿದ ಮಣ್ಣನ್ನು ಪಕ್ಕದ ಬೆಟ್ಟಕ್ಕೇ ಸುರಿಸಿ ಅದರ ಆಕಾರ ತಿದ್ದಿಸಿದ. ಪಕ್ಕಾ ಕಟ್ ಅಂಡ್ ಫಿಲ್! ಸರೋವರದೊಳಗೆ ಮತ್ತೆ ಅದೇ ಮೂರು ದ್ವೀಪ. ಪಶ್ಚಿಮದ ಏರಿ ದಕ್ಷಿಣದ ಹಾಂಗ್‌ಝೌ ಸರೋವರದ ಏರಿಯ ನಕಲು. ಗೋಡೆಯಾಚೆ ದೂರದ ಬೆಟ್ಟದ ಮೇಲಿರೋ ಗೋಪುರವೂ ತೋಟದ ಒಳಗೇ ಇದೆ ಅನ್ನಿಸೋ ಹಾಗೆ ನೋಟ ಜೋಡಿಸಿದ್ದಾರೆ. ಚೀನಿಯರು ಇದಕ್ಕೆ 'ಸಾಲ ತಂದ ದೃಶ್ಯ' ಅಂತಾರೆ. ಸರೋವರಕ್ಕೆ ಅವನಿಟ್ಟ ಹೆಸರು? ಕುನ್ಮಿಂಗ್. ವು ಚಕ್ರವರ್ತಿಯ ನೌಕಾ ಕೆರೆಯ ಹೆಸರೇ.

ಕಲ್ಲಿನ ದೋಣಿಯ ತಳ ಹಾಕಿಸಿದ್ದೂ ಇವನೇ, 1755ರಲ್ಲಿ. ದೊರೆ ದೋಣಿ, ಪ್ರಜೆಗಳು ನೀರು. ಹೊತ್ತು ನಡೆಸುವ ನೀರು ಮಗುಚಿ ಹಾಕಲೂ ಬಲ್ಲದು ಅನ್ನೋದು ಚೀನಾದಲ್ಲಿ ಬಹಳ ಹಳೆಯ ಎಚ್ಚರಿಕೆ. ಕಲ್ಲಿನ ದೋಣಿ ಮಗುಚೋದಿಲ್ಲ, ನಮ್ಮ ವಂಶವೂ ಹಾಗೇ ಗಟ್ಟಿ ಅನ್ನೋದು ಅದರ ಅರ್ಥ.

ಹಡಗಿನ ದುಡ್ಡು

1860ರ ಯುದ್ಧದಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಹತ್ತಿರದ ಯುವಾನ್‌ಮಿಂಗ್‌ಯುವಾನ್ ತೋಟವನ್ನು ಲೂಟಿ ಮಾಡಿದವು. ಮಾತುಕತೆಗೆ ಹೋದ ತಮ್ಮವರಲ್ಲಿ ಕೆಲವರು ಸೆರೆಯಲ್ಲಿ ಸತ್ತದ್ದಕ್ಕೆ ಪ್ರತೀಕಾರ ಅಂತ ಲಾರ್ಡ್ ಎಲ್ಗಿನ್ ಅದನ್ನು ಸುಡಿಸಿದ. ಚಿಯೆನ್‌ಲಾಂಗ್‌ನ ತೋಟಕ್ಕೂ ಬೆಂಕಿ ಬಿತ್ತು. ಆ ಯುದ್ಧಕ್ಕೆ ಭಾರತದಿಂದಲೂ ಪಡೆಗಳು ಹೋಗಿದ್ದವು. ಇವತ್ತು ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಅವುಗಳಲ್ಲಿ ಒಂದು.

1880ರ ದಶಕದಲ್ಲಿ ರಾಜಮಾತೆ ಸಿಶಿ ಈ ತೋಟವನ್ನು ಮತ್ತೆ ಕಟ್ಟಿಸಲು ಹೊರಟಳು. ಬೊಕ್ಕಸದಲ್ಲಿ ದುಡ್ಡಿಲ್ಲ. ಕುನ್ಮಿಂಗ್ ಸರೋವರದಲ್ಲಿ ನೌಕಾ ತರಬೇತಿ ಕೊಡ್ತೀವಿ ಅನ್ನೋದು ನೆಪವಾಯಿತು, ನೌಕಾಪಡೆಯ ಹಣ ತೋಟಕ್ಕೆ ಹರಿಯಿತು. ಎಷ್ಟು ಅನ್ನೋದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ, ಹರಿದಿದ್ದಂತೂ ನಿಜ. 1893ರಲ್ಲಿ ಕಲ್ಲಿನ ದೋಣಿಗೆ ಸ್ಟೀಮರ್ ಚಕ್ರ ಬಂತು. 1894ರಲ್ಲಿ ಜಪಾನ್ ಜೊತೆ ಯುದ್ಧ ಬಂತು. 1895ರ ಆರಂಭದ ಹೊತ್ತಿಗೆ ಚೀನಾದ ಉತ್ತರದ ನೌಕಾಪಡೆಯೇ ಇಲ್ಲವಾಯಿತು. 1912ರಲ್ಲಿ ರಾಜವಂಶ ಮುಗಿಯಿತು.

ಇಂದು ಅದು ಸಾರ್ವಜನಿಕ ಉದ್ಯಾನ, 1998ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇದೆ. ಅದರ ಸೌಂದರ್ಯ ಸುಳ್ಳಲ್ಲ, ಗುವೊ ಶೌಜಿಂಗ್‌ನ ಲೆಕ್ಕವೂ ಸುಳ್ಳಲ್ಲ. ಆದರೆ ನಾಳೆ ನಾವೂ ಏನೇನೋ ಕಟ್ಟೋರು. ಡಿಸೈನ್ ಎಷ್ಟು ಚೆನ್ನಾಗಿದೆ ಅಂತ ನೋಡುವಾಗ, ದುಡ್ಡು ಎಲ್ಲಿಂದ ಬಂತು, ಯಾವುದನ್ನು ಬಿಟ್ಟು ಇದನ್ನು ಕಟ್ಟಿದ್ವಿ ಅಂತಲೂ ಒಮ್ಮೆ ಕೇಳ್ಕೋಬೇಕು. ಕಲ್ಲಿನ ದೋಣಿ ಹೇಳಿದ ಹಾಗೆಯೇ ಮಗುಚಲಿಲ್ಲ, ಇನ್ನೂ ಅಲ್ಲೇ ಇದೆ. ಅದನ್ನು ಕಟ್ಟಿಸಿದ ವಂಶ ಇಲ್ಲ.