ತುಕ್ಕಿನ ಚಿತ್ತಾರ

ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುವ ಹಳೆಯ ಮೊಳೆ, ವಾಷರು, ಗರಗಸದ ಅಲಗು, ಸೈಕಲ್ ಚೈನು. ತುಕ್ಕಿನಿಂದ ಚಿತ್ರ ಮೂಡಿಸುವವರ ಬಣ್ಣದ ಪೆಟ್ಟಿಗೆ ಇಷ್ಟೇ.

ಬಿಳಿ ಹತ್ತಿ ಬಟ್ಟೆಯನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಹಿಂಡಿ, ಕಬ್ಬಿಣದ ಚೂರುಗಳನ್ನು ಅದರ ಮೇಲೆ ಜೋಡಿಸಿ, ಸುತ್ತಿ ಕಟ್ಟಿ, ಬೇಗ ಒಣಗದಂತೆ ಪ್ಲಾಸ್ಟಿಕ್ ಹೊದಿಸಿಡುತ್ತಾರೆ. ಆಮ್ಲಕ್ಕೆ ಕರಗಿದ ಕಬ್ಬಿಣ ನೂಲಿನೊಳಗೆ ಇಳಿದು, ಗಾಳಿ ಸೋಕಿದೊಡನೆ ತುಕ್ಕಾಗಿ ಅಲ್ಲೇ ಕೂರುತ್ತದೆ. ಮರುದಿನ ಬಿಚ್ಚಿದರೆ ವಾಷರಿನ ದುಂಡು ಗುರುತು ಕಡುಕಂದಾಗಿ ನಿಚ್ಚಳ. ಅದರ ಸುತ್ತ ಕಿತ್ತಳೆ. ತೇವ ಹರಿದಷ್ಟು ದೂರ ತೆಳುಹಳದಿ. ಮಡಿಕೆ ಬಿದ್ದ ಕಡೆ ಬಟ್ಟೆ ಬಿಳಿಯಾಗಿಯೇ ಉಳಿದು ಗೆರೆ ಎಳೆದಂತಿರುತ್ತದೆ. ಇದನ್ನೆಲ್ಲ ಆಕಸ್ಮಿಕ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಯಾವ ಚೂರು ಎಲ್ಲಿರಬೇಕು, ಎಷ್ಟು ಬಿಗಿಯಬೇಕು, ತೇವ ಎಷ್ಟಿರಬೇಕು ಎಂಬುದೆಲ್ಲ ಕಲಾವಿದರೇ ತೀರ್ಮಾನಿಸಿದ್ದು.

ಇದೇ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿದರೆ ಅದರ ಒಗರು ಕಬ್ಬಿಣದೊಡನೆ ಕೂಡಿ ಕಂದು ಬಣ್ಣ ಬೂದುಗಪ್ಪಿಗೆ ತಿರುಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ಇದನ್ನು ಬಹುಕಾಲದಿಂದ ಬಲ್ಲರು. ಕಬ್ಬಿಣದ ಚೂರನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿಸಿ, ಅಳಲೆಕಾಯಿಯ ರಸ ಹೀರಿದ ಬಟ್ಟೆಯ ಮೇಲೆ ಅವರು ಎಳೆಯುವ ಕಪ್ಪು ಗೆರೆಯೂ ಇದೇ ರಸಾಯನದ ಫಲ.

ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಸಾಕೆನಿಸಿದ ಗಳಿಗೆಯಲ್ಲಿ ಬಟ್ಟೆಯನ್ನು ಅಡುಗೆ ಸೋಡಾದ ನೀರಿನಲ್ಲಿ ಜಾಲಿಸಿ ಆಮ್ಲದ ಕಸುವು ಕಳೆಯಬೇಕು. ಆಮೇಲೂ ಕಬ್ಬಿಣ ನೂಲನ್ನು ನಿಧಾನವಾಗಿ ತಿನ್ನುತ್ತದೆ. ಮ್ಯೂಸಿಯಮ್ಮುಗಳಲ್ಲಿರುವ ಹಳೆಯ ಬಟ್ಟೆಗಳಲ್ಲಿ ಕಬ್ಬಿಣದ ಕಪ್ಪು ಹಾಯಿಸಿದ ಜಾಗವೇ ಎಷ್ಟೋ ಸಲ ಮೊದಲು ಪುಡಿಯಾಗಿರುತ್ತದೆ.

ತುಕ್ಕೇ ಕಾವಲಾಗುವುದೂ ಉಂಟು. ಅಮೆರಿಕದಲ್ಲಿ 1930ರ ದಶಕದಲ್ಲಿ ಬಂದ ಕಾರ್ಟೆನ್ ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ ಬೆರೆತಿರುತ್ತವೆ. ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತ ಅದರ ಮೈಮೇಲೆ ದಟ್ಟ ತುಕ್ಕಿನ ಪದರ ಕಟ್ಟಿ ಒಳಗಿನ ಲೋಹವನ್ನು ಕಾಯುತ್ತದೆ. ಶಿಲ್ಪಿ ರಿಚರ್ಡ್ ಸೆರಾ (1938–2024) ಇದರ ಭಾರೀ ತಗಡುಗಳನ್ನು ಬಾಗಿಸಿ, ಜನ ಒಳಗೆ ನಡೆದಾಡುವಂಥ ಕೃತಿಗಳನ್ನು ಮಾಡಿದರು. ಸ್ಪೇನಿನ ಬಿಲ್ಬಾವೊದ ಗುಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿ 2005ರಿಂದ ಇರುವ ‘ದಿ ಮ್ಯಾಟರ್ ಆಫ್ ಟೈಮ್’ ಅವುಗಳಲ್ಲಿ ಹೆಸರಾದದ್ದು. ಆದರೆ ಕಡಲ ಉಪ್ಪುಗಾಳಿ ಈ ಉಕ್ಕಿಗೆ ಆಗದು. ಇದೇ ಬಗೆಯ ಉಕ್ಕಿನಲ್ಲಿ ಕಟ್ಟಿ 1975ರಲ್ಲಿ ತೆರೆದ ಹೊನೊಲುಲುವಿನ ಅಲೋಹಾ ಸ್ಟೇಡಿಯಂ ತುಕ್ಕು ನಿಲ್ಲದೆ ಸವೆಯಿತು.

ಬಟ್ಟೆಯ ಮೇಲೆ ಮಾಡಿ ನೋಡಬೇಕೆನ್ನುವವರು ಸ್ಟೇನ್‌ಲೆಸ್ ಸ್ಟೀಲಿನ ಚೂರುಗಳನ್ನೂ ಸತುವಿನ ಲೇಪವಿರುವ ಮೊಳೆಗಳನ್ನೂ ಬಿಟ್ಟು ಬರಿಯ ಕಬ್ಬಿಣವನ್ನೇ ಆರಿಸಿಕೊಳ್ಳಿ. ಕೈಗೆ ಗ್ಲೌಸ್ ಇರಲಿ. ಇದಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಇಳಿಸಬೇಡಿ.