ಆಸ್ಪತ್ರೆಗಳ ಊರಿನ ತಂಬೂರಿ ಗಲ್ಲಿ

ಕುಡಚಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ಮಿರಜ ಎಂದರೆ ಆಸ್ಪತ್ರೆ. ‘ಮಿರಜಕ್ಕ ಹೊಂಟೇನಿ’ ಎಂದು ಯಾರಾದರೂ ಅಂದರೆ, ಕೇಳಿದವರ ಮುಂದಿನ ಮಾತು ‘ಯಾಕ, ಯಾರಿಗೇನಾತು?’ ಎಂಬುದೇ. ವಿಲಿಯಂ ವಾನ್‌ಲೆಸ್ ಎಂಬ ಮಿಶನರಿ ವೈದ್ಯರು 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ನಮ್ಮ ಅಜ್ಜ ಮುತ್ತಜ್ಜಂದಿರು ರೊಟ್ಟಿಯ ಗಂಟು ಕಟ್ಟಿಕೊಂಡು ಆ ಊರಿಗೆ ಹೋಗಿದ್ದಾರೆ. ನಾನೂ ಅನೇಕ ಸಲ ಎಕ್ಸ್‌ರೇ ಲಕೋಟೆ ಹಿಡಿದುಕೊಂಡು ಹೋದವನೇ. ಕಳೆದ ಚಳಿಗಾಲದಲ್ಲಿ ಮಾತ್ರ ನಾವು ನಾಲ್ವರು ಗೆಳೆಯರು ಯಾವ ರೋಗವೂ ಇಲ್ಲದೆ, ಬರಿಯ ಸಂಗೀತದ ನೆಪದಲ್ಲಿ ಮಿರಜಕ್ಕೆ ಹೊರಟೆವು.

ನಾಲ್ವರಲ್ಲಿ ಒಬ್ಬರು ಸಂಗೀತ ಶಿಕ್ಷಕರು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾಗಿ ಈಗ ತಬಲಾ ಕಲಿಯುತ್ತಿರುವವರು. ಉಳಿದ ನಾವಿಬ್ಬರು ಕಾನಸೇನರು. ಕುಡಚಿಯಲ್ಲಿ ರೈಲು ಹತ್ತಿದರೆ ಕೃಷ್ಣೆಯ ಸೇತುವೆ, ಉಗಾರದ ಸಕ್ಕರೆ ಕಾರ್ಖಾನೆ, ಶೇಡಬಾಳ, ವಿಜಯನಗರ, ಅನಂತರ ಮಿರಜ ಜಂಕ್ಷನ್. ನಡುವೆ ಎಲ್ಲೋ ರಾಜ್ಯದ ಗಡಿ ದಾಟುತ್ತದೆ. ಕಬ್ಬಿನ ಗದ್ದೆಗಳಿಗೆ ಅದರ ಪರಿವೆಯಿಲ್ಲ. ಹಳೆಯ ಶಾಸನಗಳಲ್ಲಿ ‘ಮಿರಿಂಜೆ’ ಎಂದು ಕಾಣಿಸಿಕೊಳ್ಳುವ ಊರು ಇದು.

ಮಿರಜದ ಸಂಗೀತದ ಚರಿತ್ರೆಯೂ ರೋಗದ ದಾರಿಯಲ್ಲೇ ಬಂದದ್ದು ಸೋಜಿಗ. ಹತ್ತಿರದ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರ್ ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಗಾಯ ಮಾಡಿಕೊಂಡು, ಚಿಕಿತ್ಸೆಗೆಂದು ಮಿರಜಕ್ಕೆ ಬಂದವರು. ದೃಷ್ಟಿ ಪೂರ್ತಿ ಮರಳಲಿಲ್ಲ. ಆದರೆ ಗ್ವಾಲಿಯರ್ ಗಾಯಕಿಯನ್ನು ಈ ಸೀಮೆಗೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರ್ ಗುರುಗಳಾಗಿ ಸಿಕ್ಕರು. ಅದೇ ಹುಡುಗ ಮುಂದೆ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿ ಸಂಗೀತ ಕಲಿಕೆಗೆ ಶಾಲೆಯ ರೂಪ ಕೊಟ್ಟು, 1931ರಲ್ಲಿ ಮಿರಜದಲ್ಲೇ ಕಣ್ಮುಚ್ಚಿದರು. ಇಂದು ನಮ್ಮ ಮಕ್ಕಳು ಕಟ್ಟುವ ‘ಪ್ರಾರಂಭಿಕ’, ‘ವಿಶಾರದ’ ಪರೀಕ್ಷೆಗಳ ಮೂಲ ಈ ಮನುಷ್ಯನ ಪರಂಪರೆಯಲ್ಲಿದೆ.

ಬಾಲಕೃಷ್ಣಬುವಾರ ಮತ್ತೊಬ್ಬ ಶಿಷ್ಯ ನೀಲಕಂಠಬುವಾ ಆಲೂರಮಠ. ಹೆಸರೇ ಹೇಳುವಂತೆ ಕನ್ನಡಿಗರು. ಗದುಗಿನ ಪಂಚಾಕ್ಷರಿ ಗವಾಯಿಗಳು ಇವರಲ್ಲಿ ಕಲಿತರು. ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಬಾಲಕ ಮಲ್ಲಿಕಾರ್ಜುನ ಮನಸೂರರ ಕಂಠ ಕೇಳಿ, ಮಿರಜಕ್ಕೆ ಕರೆತಂದು ವರ್ಷಗಟ್ಟಲೆ ಪಾಠ ಹೇಳಿದವರೂ ಇವರೇ. ಧಾರವಾಡದ ನೀರಿನಲ್ಲೇ ಸಂಗೀತವಿದೆ ಎಂದು ನಾವು ಬೀಗುವಾಗ, ಆ ನೀರು ಎಲ್ಲಿಂದ ಹರಿದುಬಂತು ಎಂದು ಕೇಳಿಕೊಳ್ಳುವುದಿಲ್ಲ.

ಖಾನ್ ಸಾಹೇಬ ಅಬ್ದುಲ್ ಕರೀಂ ಖಾನರ ಕಥೆಯಲ್ಲೂ ರೋಗವಿದೆ. ಉತ್ತರದ ಕೈರಾನಾದಿಂದ ಬಂದ ಅವರಿಗೆ ಮಿರಜದಲ್ಲಿ ಪ್ಲೇಗ್ ತಗುಲಿತೆಂದೂ, ಖ್ವಾಜಾ ಮೀರಾಸಾಹೇಬರ ದರ್ಗಾದ ಆಶ್ರಯದಲ್ಲಿ ಗುಣವಾಯಿತೆಂದೂ, ಆ ಋಣಕ್ಕಾಗಿಯೇ ಇಲ್ಲಿ ನೆಲೆಸಿದರೆಂದೂ ಊರಿನವರು ಹೇಳುತ್ತಾರೆ. ಅವರಿಂದ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಕಿರಾನಾ ಘರಾಣೆ ಕನ್ನಡದ್ದಾದದ್ದು ಈ ದಾರಿಯಿಂದ. 1937ರ ಅಕ್ಟೋಬರ್ 27ರಂದು ಪಾಂಡಿಚೇರಿಯ ಹಾದಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವರು ತೀರಿಕೊಂಡರು. ಮಣ್ಣಾದದ್ದು ಮಾತ್ರ ಮಿರಜದ ದರ್ಗಾದ ಆವರಣದಲ್ಲಿ. ಪ್ರತಿವರ್ಷದ ಉರುಸಿನಲ್ಲಿ ಅವರ ನೆನಪಿಗೆ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಹಾಡುಗಾರರು ಅದನ್ನು ಕಛೇರಿ ಎನ್ನುವುದಿಲ್ಲ, ಹಾಜರಿ ಎನ್ನುತ್ತಾರೆ. ನಾವು ಹೋದದ್ದು ಉರುಸಿನ ದಿನವಲ್ಲ. ಕೆಲವು ಹೆಂಗಸರು ಹೂವಿನ ಚಾದರ ಹಿಡಿದು ನಿಂತಿದ್ದರು. ಸಂಗೀತ ಶಿಕ್ಷಕರು ಗೋರಿಯೆದುರು ಕುಳಿತು, ಕೇಳಿಯೂ ಕೇಳದಂತೆ ಒಂದು ಷಡ್ಜ ಹಿಡಿದರು. ಯಾರೂ ತಿರುಗಿ ನೋಡಲಿಲ್ಲ. ಅಲ್ಲಿ ಅದು ಹೊಸದಲ್ಲ ಎಂದು ತೋರುತ್ತದೆ.

ನಮ್ಮ ಹೆಚ್ಚಿನ ಹೊತ್ತು ಕಳೆದದ್ದು ಸತಾರಮೇಕರ್ ಗಲ್ಲಿಯಲ್ಲಿ. ಇಲ್ಲಿನ ಕುಶಲಕರ್ಮಿಗಳು ಮೂಲತಃ ಶಿಕಲಗಾರರು, ಎಂದರೆ ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು. ಬ್ರಿಟಿಷರ ಕಾಲದಲ್ಲಿ ಕತ್ತಿಗಳಿಗೆ ಕೆಲಸವಿಲ್ಲದಾದಾಗ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫರೀದಸಾಹೇಬರೆಂಬವರು ವಾದ್ಯಗಳ ರಿಪೇರಿಗೆ ಕೈಹಚ್ಚಿದರು. ಮಿರಜದ ಪಟವರ್ಧನ ಸಂಸ್ಥಾನಿಕರ ಪ್ರೋತ್ಸಾಹ ಸಿಕ್ಕಿತು. ಉಕ್ಕಿನ ಅಲಗನ್ನು ಕಣ್ಣಳತೆಯಲ್ಲಿ ಸಮಮಾಡುತ್ತಿದ್ದ ಕೈ, ತಂಬೂರಿಯ ಕುದುರೆಯನ್ನು ಅರದಿಂದ ಸಮಮಾಡತೊಡಗಿತು. ಶಸ್ತ್ರದಿಂದ ಶ್ರುತಿಗೆ ಬಂದ ಇಂಥ ಕುಲವೃತ್ತಿ ಬೇರೆಲ್ಲಿಯಾದರೂ ಇದ್ದೀತೇ?

ಬುರುಡೆಗಳು ಬರುವುದು ಪಂಢರಪುರ, ಮಂಗಳವೇಢೆಯ ಕಡೆಯಿಂದ. ಅಡುಗೆಯ ಕುಂಬಳವಲ್ಲ, ದಪ್ಪ ಸಿಪ್ಪೆಯ, ವಾದ್ಯಕ್ಕೆಂದೇ ಬೆಳೆಸುವ ಜಾತಿ. ಒಣಗಿದ ಬುರುಡೆಯನ್ನು ನೀರಿನಲ್ಲಿ ನೆನೆಸಿ, ಕೊಯ್ದು, ಬಾಯಿ ಕುಗ್ಗದಂತೆ ಒಳಗೆ ಕಡ್ಡಿಗಳನ್ನು ಆನಿಸಿ ಮತ್ತೆ ಒಣಗಿಸುತ್ತಾರೆ. ತೂನ್ ಮರದ ದಂಡಿ, ಮೇಲಿನ ಹಲಗೆ, ಕೆತ್ತನೆ, ಮೆರುಗು ಎಲ್ಲ ಮುಗಿದ ಮೇಲೂ ಅದು ಇನ್ನೂ ಮೂಕ. ತಂತಿ ಕೂರುವ ಕುದುರೆಯ ಮೇಲ್ಮೈಗೆ ಕೂದಲೆಳೆಯಷ್ಟು ಓರೆ ಕೊಟ್ಟು, ತಂತಿಯಡಿ ನೂಲಿನ ಎಳೆಯೊಂದನ್ನು ಸರಿಸಿದಾಗ ನಾದ ಅರಳುತ್ತದೆ. ಇದಕ್ಕೆ ‘ಜವಾರಿ’ ತೆಗೆಯುವುದು ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ: ಜವಾರಿ ಕೋಳಿ, ಜವಾರಿ ಜೋಳ. ಎರಡು ಶಬ್ದಗಳಿಗೆ ನಂಟಿದೆಯೋ ಇಲ್ಲವೋ, ಬ್ಯಾಂಕಿನ ಗೆಳೆಯರಂತೂ ಇದೆಯೆಂದೇ ವಾದಿಸಿದರು. ಆ ಮೇಸ್ತ್ರಿ ನಾಲ್ಕು ತಂತಿ ಮೀಟಿದಾಗ ಯಾರೂ ಮೀಟದ ಗಂಧಾರವೊಂದು ಕೋಣೆಯಲ್ಲಿ ತೇಲಿತು. ವಾದ ಅಲ್ಲಿಗೆ ನಿಂತಿತು.

ಈ ಗಲ್ಲಿಯ ಅನ್ನ ಕಸಿಯುತ್ತಿರುವ ಪೆಟ್ಟಿಗೆ ಹುಟ್ಟಿದ್ದು ನಮ್ಮ ರಾಜ್ಯದಲ್ಲಿ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಸ್ಸಿನಲ್ಲಿ ತಂಬೂರಿ ಒಯ್ಯುವ ಸಂಕಟ ಬಲ್ಲವರು, ಎರಡು ಕೋಣೆಯ ಮನೆಯಲ್ಲಿ ಬೆಳಗಿನ ರಿಯಾಜು ಮಾಡುವವರು ಅದನ್ನು ಹರಸಿಯಾರು. ಈಗಂತೂ ಅದೂ ಬೇಡ, ಮೊಬೈಲಿನಲ್ಲೇ ತಂಬೂರಿ ಇದೆ. ಆದರೆ ಪೆಟ್ಟಿಗೆ ಶ್ರುತಿಯನ್ನು ಕೊಡುತ್ತದೆ. ಶ್ರುತಿ ಸೇರಿಸಲು ಕಲಿಸುವುದಿಲ್ಲ. ತಂತಿ ಬಿಗಿದು, ಕೇಳಿ, ಸಡಿಲಿಸಿ, ಮತ್ತೆ ಕೇಳುವ ಆ ಹತ್ತು ನಿಮಿಷವೇ ಕಿರಾನಾದವರ ಮೊದಲ ಪಾಠವಾಗಿತ್ತು.

2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಸಂತೋಷದ ಸಂಗತಿ. ಆದರೆ ಪ್ರಮಾಣಪತ್ರ ನಕಲಿಯನ್ನು ತಡೆದೀತೇ ಹೊರತು ಗಿರಾಕಿಯನ್ನು ತಂದುಕೊಡದು. ಆ ಗಿರಾಕಿ ನಾವೇ ಆಗಬೇಕಾದವರು. ಗಡಿಯ ಬಗೆಗೆ ಎರಡೂ ಕಡೆ ಇಷ್ಟು ವರ್ಷ ಬಸ್ಸು ನಿಲ್ಲಿಸಿದ್ದೇವೆ, ಫಲಕಗಳಿಗೆ ಮಸಿ ಬಳಿದಿದ್ದೇವೆ. ನಮ್ಮ ಸಂಗೀತ ಶಾಲೆಗಳು ವರ್ಷಕ್ಕೆ ಒಂದೊಂದು ತಂಬೂರಿ ಕೊಂಡರೆ ಈ ಗಲ್ಲಿಯ ಇನ್ನೊಂದು ತಲೆಮಾರು ಅರ ಹಿಡಿದೀತು ಎಂದು ಎಣಿಸಿದವರು ಕಡಿಮೆ. ಮೇಸ್ತ್ರಿಯ ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನಂತೆ. ಅದನ್ನು ಅವರು ದೂರಿನಂತೆ ಹೇಳಲಿಲ್ಲ, ಸಮಾಧಾನದಿಂದಲೇ ಹೇಳಿದರು.

ಸಂಗೀತ ಶಿಕ್ಷಕರು ತಮ್ಮ ಶಾಲೆಗೆ ಒಂದು ತಂಬೂರಿ ಬೇಕೆಂದರು. ದರ ಕೇಳಿ ನಾವು ಮೂವರೂ ಪಾಲು ಹಾಕುವುದೆಂದಾಯಿತು. ಮುಂಗಡ ಎಣಿಸಿಕೊಳ್ಳುವ ಮೊದಲು ಮೇಸ್ತ್ರಿ ಕೇಳಿದರು, ಮರಾಠಿ ಬೆರೆತ ಕನ್ನಡದಲ್ಲಿ: ‘ಸರ, ಹಾಡಾವ್ರು ಯಾರು? ಪಟ್ಟಿ ಯಾವುದು?’

‘ಹುಡಿಗ್ಯಾರು ಹಾಡತಾರ್ರೀ. ಕಾಳಿ ನಾಕು.’

ಮೇಸ್ತ್ರಿ ಎದ್ದು, ಗೋಡೆಗೆ ತೂಗುಹಾಕಿದ ಬುರುಡೆಗಳಲ್ಲಿ ದೊಡ್ಡವನ್ನು ಬಿಟ್ಟು, ಒಂದೊಂದನ್ನೇ ಬೆರಳ ಗೆಣ್ಣಿನಿಂದ ಬಡಿದು ನೋಡತೊಡಗಿದರು.